ಚಪ್ಪಲಿ ಮೆಟ್ಟಿಕೊಂಡ ಮೇಲಿನ ಮಾತು

ನಮ್ಮ ಕಡೆಯವರ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ಮುಖ್ಯವಾದ ಮಾತು ಕೂತಾಗ ಬರುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡ ಮೇಲೆ ಬರುತ್ತದೆ. ಯಾರ ಮನೆಗೇ ಹೋಗಲಿ, ಎರಡು ಗಂಟೆ ಕಾಲ ಸೆಖೆ, ಮಳೆ, ಮಂಡಿನೋವು, ಯಾರ ಮಗ ಯಾರ ಅಳಿಯನಾದ ಎಂಬ ವಿಚಾರಗಳೆಲ್ಲ ಸಾಂಗವಾಗಿ ನಡೆಯುತ್ತವೆ. ಹೋದ ಕೆಲಸ ಮಾತ್ರ ಹೊಟ್ಟೆಯೊಳಗೇ ಇರುತ್ತದೆ. "ಬರ್ತೀವಿ" ಎಂದು ಎದ್ದು, ಹೆಂಗಸರು ಕುಂಕುಮ ಇಟ್ಟುಕೊಂಡು, ಗಂಡಸರು ಚಪ್ಪಲಿ ಹುಡುಕಿ ಒಂದು ಕಾಲು ತೂರಿಸಿದ ಮೇಲೆ "ಅಂದ ಹಾಗೆ..." ಎಂದು ಶುರುವಾಗುತ್ತದಲ್ಲ, ಅದು ವಿಷಯ. ಅದರ ಹಿಂದಿನ ಎರಡು ಗಂಟೆ ಬರೀ ಪೀಠಿಕೆ. ನನ್ನ ಮದುವೆ ನಿಶ್ಚಯವಾದದ್ದೂ ಹೀಗೆಯೇ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದ ಸಂಜೆ ನಮ್ಮ ತಂದೆಯವರೂ ಹೆಣ್ಣಿನ ತಂದೆಯವರೂ ಕೂತು ಬೀದಿ ನಲ್ಲಿಯಲ್ಲಿ ನೀರು ಬರದಿರುವ ಬಗ್ಗೆ ಚರ್ಚಿಸಿದರು. ಕೇಸರಿಬಾತು ಮುಗಿಯಿತು, ಕಾಫಿ ಮುಗಿಯಿತು, ನಲ್ಲಿ ಮುಗಿಯಲಿಲ್ಲ. ನಾವು ಬಹುಶಃ ಪಕ್ಕದ ಮನೆಗೆ ಬಂದುಬಿಟ್ಟಿದ್ದೇವೆ ಎಂದು ನಾನು ಅಂದುಕೊಂಡೆ. ಕೊನೆಗೆ ಗೇಟಿನ ಅಗುಳಿ ತೆಗೆಯುತ್ತಾ ನಮ್ಮ ತಂದೆಯವರು, "ಅಂದ ಹಾಗೆ, ನಮಗೆ ಒಪ್ಪಿಗೆ" ಎಂದರು. ಅವರು, "ಅಂದ ಹಾಗೆ, ನಮಗೂ" ಎಂದರು. ನನ್ನ ಬಾಳು ನಿರ್ಧಾರವಾಗಲು ತೆಗೆದುಕೊಂಡ ಸಮಯ ಇಷ್ಟೇ.

ಸಿಂಗಪುರಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ಇಲ್ಲಿ ಎಲ್ಲವೂ ಬೇಗ ಬೇಗ ಆಗಬೇಕು. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಮುಂದೆ ತಟ್ಟೆ ಹಿಡಿದವನು ಎರಡು ಕ್ಷಣ ಯೋಚಿಸಿದರೆ ಹಿಂದಿನವನು ಲೊಚಗುಟ್ಟುತ್ತಾನೆ. ಆದರೂ ನಮ್ಮ ಅಭ್ಯಾಸ ಮಾತ್ರ ಬಿಡಲಿಲ್ಲ, ಇನ್ನಷ್ಟು ಬಲವಾಯಿತು. ಅದಕ್ಕೆ ಇಲ್ಲಿನ ಸರ್ಕಾರವೂ ಒಂದಿಷ್ಟು ಕಾರಣ. ಸೆರಂಗೂನಿನಲ್ಲಿ ಸರ್ಕಾರ ಕಟ್ಟಿಸಿದ ನಮ್ಮ ಫ್ಲ್ಯಾಟು ಇರುವುದು ಎಂಟನೆಯ ಮಹಡಿಯಲ್ಲಿ. ಲಿಫ್ಟು ನಿಲ್ಲುವುದು ಒಂದು, ನಾಲ್ಕು, ಏಳು, ಹತ್ತರಲ್ಲಿ. ಹಾಗಾಗಿ ಬಂದವರನ್ನು ಬೀಳ್ಕೊಡಲು ಬಾಗಿಲಿನಿಂದ ಕಾರಿಡಾರು, ಕಾರಿಡಾರಿನಿಂದ ಮೆಟ್ಟಿಲು, ಮೆಟ್ಟಿಲಿನಿಂದ ಲಿಫ್ಟು, ಲಿಫ್ಟಿನಿಂದ ಕಟ್ಟಡದ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್ಕು ಎಂದು ನಾಲ್ಕು ಬಾಗಿಲುಗಳ ಸೌಲಭ್ಯ ತಾನಾಗಿ ಒದಗಿ ಬಂತು. ಊರಿನಲ್ಲಿ ಪಾಪ ಒಂದೇ ಗೇಟು. ಕಲ್ಲಾಂಗಿನಲ್ಲಿರುವ ನನ್ನ ಸ್ನೇಹಿತ ನಾಗರಾಜ, ಉಬಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಇಂಜಿನಿಯರು, ಒಂದು ಭಾನುವಾರ ಬಂದು ಮೂರು ಗಂಟೆ ಕೂತ. ಕ್ರಿಕೆಟ್ಟು ಆಯಿತು, ಟೆಕ್ಕಾ ಮಾರ್ಕೆಟ್ಟಿನ ತೆಂಗಿನಕಾಯಿ ಒಳಗೆ ಕೊಳೆತಿರುವ ವಿಚಾರವಾಯಿತು. ಏಳನೆಯ ಮಹಡಿಯಲ್ಲಿ ಲಿಫ್ಟಿನ ಗುಂಡಿ ಒತ್ತಿ, ಅದು ಬಂದು, ಬಾಗಿಲು ತೆರೆದು, ಒಳಗೆ ಒಂದು ಕಾಲಿಟ್ಟ ಮೇಲೆ, "ಅಂದ ಹಾಗೆ ಮೂರ್ತಿ, ನಾಳೆ ಬೆಳಿಗ್ಗೆ ನಂಗೆ ಆಪರೇಷನ್ನು, ಹರ್ನಿಯಾ" ಎಂದ. ನಾನು ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ಹತ್ತು ನಿಮಿಷ ವಿಚಾರಿಸಿಕೊಂಡೆ. ಲಿಫ್ಟು ಟೊಂಯ್ ಟೊಂಯ್ ಎಂದು ಕಿರುಚುತ್ತಲೇ ಇತ್ತು. ಕೆಳಗೆ ಕಾಯುತ್ತಿದ್ದ ಚೀನೀ ಅಜ್ಜಿಯೊಬ್ಬಳು ಕಡೆಗೆ ಮೆಟ್ಟಿಲು ಹತ್ತಿಕೊಂಡೇ ಬಂದು, ನಮ್ಮಿಬ್ಬರನ್ನೂ ನೋಡಿ, ಏನೋ ಅಂದು ಹೋದಳು. ಅರ್ಥವಾಗದಿದ್ದದ್ದೇ ಒಳ್ಳೆಯದು.

ಆ ದಿನ ನಮ್ಮ ಹಿಂದೆ ನನ್ನ ಮಗಳು ಚೈತ್ರ ಕೈಗಡಿಯಾರ ನೋಡುತ್ತಾ ನಿಂತಿದ್ದಳು. ಏನಮ್ಮಾ ಎಂದರೆ, "ಕಾಲೇಜ್ ಅಸೈನ್‌ಮೆಂಟ್ ಅಪ್ಪಾ. ಜನ ಹೇಗೆ ಬೈ ಹೇಳ್ತಾರೆ ಅಂತ. ಅಂಕಲ್ ಫಸ್ಟ್ ಟೈಮ್ 'ಬರ್ತೀನಿ' ಅಂದಾಗಿಂದ ಟೈಮ್ ಮಾಡ್ತಿದೀನಿ. ಐವತ್ತೆರಡು ನಿಮಿಷ" ಎಂದಳು. ನಾನು ನಕ್ಕೆ. ಆಗ ನಗಬಾರದಿತ್ತು ಎಂದು ಆಮೇಲೆ ಗೊತ್ತಾಯಿತು.

ಚೈತ್ರಳ ಓದಿನ ಬಗ್ಗೆ ಹೇಳಬೇಕು. ನಮ್ಮ ಕಾಲದಲ್ಲಿ ಓದಿಗೆ ಚಿಕ್ಕ ಚಿಕ್ಕ ಹೆಸರುಗಳಿದ್ದವು. ಬಿ.ಎ., ಬಿ.ಕಾಂ., ಬಿ.ಇ. ಮದುವೆಯ ಕರೆಯೋಲೆಯಲ್ಲಿ ಹೆಸರಿನ ಪಕ್ಕ ತೆಪ್ಪಗೆ ಕೂರುತ್ತಿದ್ದವು. ನನ್ನ ಮಗಳು ಆರಿಸಿಕೊಂಡದ್ದರ ಹೆಸರು 'ಇಂಟರ್‌ನ್ಯಾಷನಲ್ ಬಿಸಿನೆಸ್ ವಿತ್ ಲ್ಯಾಂಗ್ವೇಜಸ್ ಅಂಡ್ ಸ್ಟಡಿ ಅಬ್ರಾಡ್'. ಗೂಡ್ಸ್ ಗಾಡಿಯ ಹಾಗೆ, ಇಂಜಿನ್ನು ದಾಟಿ ಎಷ್ಟು ಹೊತ್ತಾದರೂ ಕೊನೆಯ ಡಬ್ಬಿ ಕಾಣುವುದಿಲ್ಲ. ಇಲ್ಲಿನ ಕನ್ನಡದವರೆಲ್ಲ ಯುಗಾದಿಗೆ ಒಂದು ಹಾಲಿನಲ್ಲಿ ಸೇರುತ್ತೇವೆ. ಅಲ್ಲಿ ಯಾರಾದರೂ "ಮಗಳು ಏನ್ ಓದ್ತಿದಾಳೆ?" ಎಂದು ಕೇಳಿದರೆ ನಾನು ಉಸಿರು ಎಳೆದುಕೊಂಡು ಹೊರಡುತ್ತಿದ್ದೆ. 'ಲ್ಯಾಂಗ್ವೇಜಸ್' ಬರುವಷ್ಟರಲ್ಲಿ ಕೇಳಿದವರ ಕಣ್ಣು ಬಿಸಿಬೇಳೆಬಾತಿನ ಕಡೆ ತಿರುಗಿರುತ್ತಿತ್ತು. 'ಅಬ್ರಾಡ್' ಬರುವಾಗ ಅವರೇ ಅಲ್ಲಿಗೆ ತಲುಪಿರುತ್ತಿದ್ದರು. ಪೂರ್ತಿ ಕೇಳಿಸಿಕೊಂಡವರು ಒಬ್ಬರೇ, ಮೈಸೂರಿನ ಒಬ್ಬ ಹಿರಿಯ ಪ್ರೊಫೆಸರು. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿ, "ಅಂದ್ರೆ, ಮೆಡಿಕಲ್ ಸಿಗ್ಲಿಲ್ಲ ಅನ್ನಿ" ಎಂದು ಸಮಾಧಾನ ಹೇಳಿದರು.

ಕಾಲೇಜಿನವರು ಒಂದು ಹೊಳೆಯುವ ಪುಸ್ತಿಕೆ ಕಳಿಸಿದ್ದರು. ಮುಖಪುಟದಲ್ಲಿ ನಾಲ್ಕು ದೇಶದ ನಾಲ್ಕು ಮಕ್ಕಳು ಒಂದು ಮರದ ಕೆಳಗೆ ಕೂತು ಒಂದೇ ಪುಸ್ತಕ ನೋಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ವ್ಯಾಪಾರದ ಪುಸ್ತಕದಲ್ಲಿ ಅಷ್ಟು ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ. ನಾನೂ ವ್ಯಾಪಾರದವನೇ. ಬ್ಯಾಂಕಿನಲ್ಲಿ ಲೆಟರ್ ಆಫ್ ಕ್ರೆಡಿಟ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೂತು, ನಾನು ಕಣ್ಣಿಂದ ನೋಡಿಲ್ಲದ ಹಡಗುಗಳ, ನಾನು ಹೋಗಿಲ್ಲದ ದೇಶಗಳ ಕಾಗದಪತ್ರ ಪರೀಕ್ಷೆ ಮಾಡುತ್ತಿದ್ದೇನೆ. ಒಂದು ಕಾಗದದಲ್ಲಿ 'ಟೀ' ಎಂದೂ ಇನ್ನೊಂದರಲ್ಲಿ 'ಟೀ ಪುಡಿ' ಎಂದೂ ಇದ್ದರೆ ದುಡ್ಡು ತಡೆದು ಹಡಗನ್ನೇ ನಿಲ್ಲಿಸಬಲ್ಲೆ, ನಿಲ್ಲಿಸಿದ್ದೇನೆ ಕೂಡ. ನನ್ನ ಕುರ್ಚಿಯ ಹಿಂದೆ 'ಓದಿದ ಮೇಲೆ ಸಹಿ' ಎಂದು ಇಂಗ್ಲಿಷಿನಲ್ಲಿ ಬರೆಸಿ ತೂಗುಹಾಕಿದ್ದೇನೆ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಅದರ ಮುಂದೆ ನಿಲ್ಲಿಸಿಯೇ ಪಾಠ. ಇದು ಇಂಟರ್‌ನ್ಯಾಷನಲ್ ಬಿಸಿನೆಸ್ ಅಲ್ಲದೆ ಮತ್ತೇನು? ಯಾವ ಲ್ಯಾಂಗ್ವೇಜೂ ಇಲ್ಲದೆ, ಯಾವ ಅಬ್ರಾಡಿಗೂ ಹೋಗದೆ ನಡೆಯುತ್ತಿಲ್ಲವೇ?

ಈ ಮಾತನ್ನು ಮಗಳ ಮುಂದೆ ಒಮ್ಮೆ ಇಟ್ಟೆ. "ಅಲ್ಲಮ್ಮಾ, ಅಬ್ರಾಡ್ ಅಬ್ರಾಡ್ ಅಂತ ಕುಣೀತೀಯಲ್ಲ, ಈಗ ನಾವಿರೋದೆಲ್ಲಿ? ಇದೇ ಅಬ್ರಾಡ್ ತಾನೆ?"

"ಅದು ನಿಮಗೆ ಅಪ್ಪಾ. ನಂಗೆ ಇದು ಹೋಮ್ ಲಾ."

ಇಲ್ಲೇ ಹುಟ್ಟಿದವಳು. ಇಲ್ಲಿನವರ ಮಾತಿನ ಬಾಲಕ್ಕೆ ಅಂಟಿಕೊಳ್ಳುವ ಆ 'ಲಾ' ಬಂತೆಂದರೆ ವಾದ ಮುಗಿಯಿತು, ಅಪೀಲಿಲ್ಲ. ಮೊದಲೆರಡು ವರ್ಷ ಇಲ್ಲಿ ಓದುವುದು, ಜೊತೆಗೆ ಜರ್ಮನ್ ಕಲಿಯುವುದು, ಮೂರನೆಯ ವರ್ಷ ಜರ್ಮನಿಗೆ ಹೋಗುವುದು, ಇದು ಅವರ ಏರ್ಪಾಡು. ಎರಡು ವರ್ಷ ನಮ್ಮ ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರಿನಿಂದ ಒಬ್ಬ ಜರ್ಮನ್ ಗಂಡಸು ಗಡಸು ದನಿಯಲ್ಲಿ ಮಾತನಾಡುತ್ತಿದ್ದ. ನನ್ನ ಹೆಂಡತಿ ವಿಶಾಲು ಹುರುಳಿಕಾಯಿ ಹೆಚ್ಚುತ್ತಾ ಅವನ ಜೊತೆ ತಾನೂ 'ಐನ್ಸ್, ಜ್ವಾಯ್, ದ್ರಾಯ್' ಎಂದು ಎಣಿಸುತ್ತಿದ್ದಳು. ತರಕಾರಿ ಚೀಲ ತಂದು ಇಟ್ಟರೆ 'ಡಾಂಕೆ' ಅನ್ನುವಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತರಕಾರಿ ತಂದದ್ದಕ್ಕೆ ನನಗೆ ಸಿಕ್ಕ ಮೊದಲ ಕೃತಜ್ಞತೆ ಅದು. ನಾನು ತಮಾಷೆ ಮಾಡಿದರೆ, "ಇರ್ಲಿ ಬಿಡಿ, ಕಿವಿಗೆ ಬೀಳತ್ತೆ, ಬಾಯಿಗೆ ಬರತ್ತೆ" ಎನ್ನುತ್ತಿದ್ದಳು. ಕೆಲವು ದಿನ ಚೈತ್ರ ಕಾಲೇಜಿಗೆ ಹೋದ ಮೇಲೂ ಆ ಗಂಡಸು ಅಡುಗೆಮನೆಯಲ್ಲಿ ಮಾತನಾಡುತ್ತಲೇ ಇರುತ್ತಿದ್ದ. ಆಫ್ ಮಾಡುವುದು ಮರೆತಿದ್ದಾಳೆ ಎಂದುಕೊಂಡು ನಾನೇ ಹೋಗಿ ಆಫ್ ಮಾಡಿದ್ದುಂಟು.

ಮೂರನೆಯ ವರ್ಷ ಹತ್ತಿರ ಬಂತು. ಕಾಲೇಜಿನಿಂದ ಒಪ್ಪಿಗೆಯ ಫಾರಂ ಬಂತು. ಆರು ಪುಟ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಕೆಳಗೆ ಒಂದು ವಾರ ಬಿದ್ದಿತ್ತು. ನಾನು ಅದನ್ನು ಮುಟ್ಟಲಿಲ್ಲ. ಸಹಿ ಹಾಕಬಾರದು ಎಂದು ತೀರ್ಮಾನವಾಗಿರುವ ಕಾಗದವನ್ನು ಓದಿ ಕಣ್ಣು ಸವೆಸುವುದು ಯಾಕೆ? ಕಾಲೇಜಿನಲ್ಲಿ ಜರ್ಮನಿಯ ವಿಷಯ ನೋಡಿಕೊಳ್ಳುವ ಒಬ್ಬ ಜರ್ಮನ್ ಮೇಡಂ ಇದ್ದರು, ಮಿಸೆಸ್ ಹಾರ್ಟ್‌ಮನ್. ಅವರು ಎಲ್ಲ ತಂದೆತಾಯಿಯರನ್ನೂ ಕರೆದು ಮಾತನಾಡುವವರಿದ್ದರು. ಅಲ್ಲಿಗೆ ಹೋಗಿ, ಸ್ಟಡಿ ಅಬ್ರಾಡ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಇರಲಿ ಎಂದು ಹೇಳಿ ಬರುವುದು ನನ್ನ ಲೆಕ್ಕಾಚಾರ. ಹೋಟೆಲಿನಲ್ಲಿ ಈರುಳ್ಳಿ ಇಲ್ಲದೆ ದೋಸೆ ಹಾಕಿಸಿಕೊಳ್ಳುವುದಿಲ್ಲವೇ, ಹಾಗೆ. ಕಾರಣಗಳನ್ನೂ ಚೀಟಿಯಲ್ಲಿ ಬರೆದುಕೊಂಡೆ: ಅಲ್ಲಿ ಸಸ್ಯಾಹಾರ ಸಿಗುವುದಿಲ್ಲ, ಚಳಿ ಜಾಸ್ತಿ, ನಮ್ಮವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಮೂರೂ ನೆಪ. ನನಗೆ ಇರುವವಳು ಒಬ್ಬಳೇ ಮಗಳು. ಸಂಜೆ ಆಫೀಸಿನಿಂದ ಬಂದಾಗ ಅವಳ ಷೂ ಬಾಗಿಲಲ್ಲಿ ಅಡ್ಡಾದಿಡ್ಡಿ ಬಿದ್ದಿರಬೇಕು, ನಾನು ಎಡವಿ ಬೈಯಬೇಕು. ಅದಿಲ್ಲದ ಮನೆಗೆ ಬರುವುದು ನನ್ನಿಂದ ಆಗುವಂತಿರಲಿಲ್ಲ. ಇದನ್ನು ಚೀಟಿಯಲ್ಲಿ ಬರೆಯಲಾಗುತ್ತದೆಯೇ?

ಭೇಟಿಯ ದಿನ ಟೈ ಕಟ್ಟಿಕೊಂಡು, ಗಂಧದ ಮರದ ಒಂದು ಪುಟ್ಟ ಆನೆಯನ್ನು ಕಾಣಿಕೆಯಾಗಿ ಹಿಡಿದುಕೊಂಡು ಹೋದೆ. ಚೈತ್ರ ಜೊತೆಗಿದ್ದಳು. ವಿಶಾಲುಗೆ ಬಾ ಎಂದರೆ, "ನೀವು ಹೋಗಿ ಮಾತಾಡ್ಕೊಂಡು ಬನ್ನಿ, ನಂದೇನೂ ಇಲ್ಲ" ಎಂದಳು. ಕೋಣೆಯಲ್ಲಿ ಮಿಸೆಸ್ ಹಾರ್ಟ್‌ಮನ್ ಎದ್ದು ಕೈ ಕುಲುಕಿದರು. ಐವತ್ತು ವಯಸ್ಸು, ಕತ್ತರಿಸಿದ ನರೆಗೂದಲು, ಎದುರಿಗೆ ಮೇಜಿನ ಮೇಲೆ ಒಂದು ಗಡಿಯಾರ. ಆ ಗಡಿಯಾರದ ಮುಖ ಅವರ ಕಡೆಗಲ್ಲ, ನಮ್ಮ ಕಡೆಗಿತ್ತು. ಕಾಫಿ ಬೇಕೇ ಎಂದು ಕೇಳಿದರು. ನಾನು, "ಅಯ್ಯೋ ಬೇಡಿ, ಈಗ ತಾನೇ ಆಯಿತು" ಎಂದೆ. ಆಗಿರಲಿಲ್ಲ. ಆದರೆ ಮೊದಲ ಸಲ ಕೇಳಿದಾಗ ಹೂಂ ಅನ್ನುವುದು ಮರ್ಯಾದೆಯೇ? ಇನ್ನೊಮ್ಮೆ ಕೇಳುತ್ತಾರೆ, ಆಗಲೂ ಬೇಡ ಅನ್ನುವುದು, ಮೂರನೆಯ ಸಲ "ಹಾಗಾದರೆ ಅರ್ಧ ಲೋಟ" ಎನ್ನುವುದು, ಆಮೇಲೆ ಪೂರ್ತಿ ಲೋಟ ಕುಡಿಯುವುದು ಕ್ರಮ. ಅವರು "ಸರಿ" ಎಂದು ತಮಗೊಬ್ಬರಿಗೆ ಮಾತ್ರ ಬಗ್ಗಿಸಿಕೊಂಡು ಕುಡಿಯಲು ಶುರುಮಾಡಿದರು. ನಾನು ಆ ಹಬೆಯನ್ನೇ ನೋಡುತ್ತಾ ಕೂತೆ. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಆನೆಯನ್ನು ಕೊಟ್ಟೆ. ಚೆನ್ನಾಗಿದೆ ಎಂದರು. ಮೈಸೂರಿನ ಗಂಧದ ಬಗ್ಗೆ, ದಸರಾ ಬಗ್ಗೆ ನಾನು ನಾಲ್ಕು ಮಾತು ಆಡಿದೆ. ಅಲ್ಲಿಂದ ನಿಧಾನವಾಗಿ ಸಿಂಗಪುರದ ಮಳೆಗೆ ಬಂದೆ. ಅವರು ನಡುವೆ ಬಾಯಿ ಹಾಕಿ, "ಮಿಸ್ಟರ್ ಮೂರ್ತಿ, ಮಗಳನ್ನು ಕಳಿಸುವ ವಿಷಯದಲ್ಲಿ ನಿಮಗೇನಾದರೂ ಆತಂಕ ಇದೆಯೇ?" ಎಂದು ಕೇಳಿಬಿಟ್ಟರು. ಇನ್ನೂ ಐದು ನಿಮಿಷ ಆಗಿರಲಿಲ್ಲ! ನಾಚಿಕೆಯಾಯಿತು ನನಗೆ, ಅವರ ಪರವಾಗಿ. ಮೊದಲ ಭೇಟಿಯಲ್ಲಿ ಒಬ್ಬ ಹೆಂಗಸು ಇಷ್ಟು ಮರ್ಯಾದೆಯಾಗಿ ಕೇಳಿದಾಗ ಇದೆ ಎನ್ನಲು ಬಾಯಿ ಬರುತ್ತದೆಯೇ? "ಛೆ ಛೆ, ಆತಂಕ ಎಂಥದು, ಏನೂ ಇಲ್ಲ" ಎಂದೆ. ಮತ್ತೆ ಕೇಳುತ್ತಾರೆ, ಬಲವಂತ ಮಾಡುತ್ತಾರೆ, ಆಗ ಸಂಕೋಚದಿಂದ ಚೀಟಿ ತೆಗೆದರಾಯಿತು ಎಂದು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಅವರು ಎದುರಿಗಿದ್ದ ಹಾಳೆಯಲ್ಲಿ ಏನೋ ಬರೆದು ಕೆಳಗೆ ಗೆರೆ ಎಳೆದರು. ತಲೆಕೆಳಗಾಗಿ ಓದುವುದು ನನ್ನ ಕಸುಬಿನಲ್ಲಿ ಕಲಿತ ವಿದ್ಯೆ. 'ತಂದೆ: ಆತಂಕ ಇಲ್ಲ. ಪೂರ್ಣ ಬೆಂಬಲ' ಎಂದು ಬರೆದಿದ್ದರು. ಆಮೇಲೆ ಫಾರಂ ತಿರುಗಿಸಿ ಕೊನೆಯ ಪುಟದಲ್ಲಿ ಒಂದು ಜಾಗದ ಮೇಲೆ ಬೆರಳಿಟ್ಟು ಪೆನ್ನು ಕೊಟ್ಟರು. ಬೆರಳಿಟ್ಟ ಜಾಗದಲ್ಲಿ ಸಹಿ ಮಾಡದೆ ಇನ್ನೇನು ಮಾಡುತ್ತಾರೆ? ಇರಲಿ, ಸಹಿ ಏನು ಮಹಾ, ಬಾಗಿಲ ಹತ್ತಿರ ಸರಿಪಡಿಸಿದರಾಯಿತು ಎಂದು ಹಾಕಿದೆ.

ಹದಿನೈದನೆಯ ನಿಮಿಷಕ್ಕೆ ಅವರು ಎದ್ದು ಮತ್ತೆ ಕೈ ಕುಲುಕಿದರು. ನಾನು ಸಾವಕಾಶವಾಗಿ ಛತ್ರಿ ತೆಗೆದುಕೊಂಡೆ, ಟೈ ಸರಿಮಾಡಿಕೊಂಡೆ, ಗೋಡೆಯ ಮೇಲಿದ್ದ ಜರ್ಮನಿಯ ನಕ್ಷೆಯನ್ನು ಮೆಚ್ಚಿಕೊಂಡೆ, ಬಾಗಿಲ ಕಡೆ ಒಂದೊಂದೇ ಹೆಜ್ಜೆ ಹಾಕಿದೆ. ಹೊಸಿಲು ದಾಟಿದವನು ಚೀಟಿ ತೆಗೆದು, ಮುಗುಳ್ನಕ್ಕು, ತಿರುಗಿ, "ಅಂದ ಹಾಗೆ ಮೇಡಂ..." ಎಂದೆ. ನನ್ನ ಎದುರಿಗೆ ಮುಚ್ಚಿದ ಬಾಗಿಲಿತ್ತು. ಅವರು ಮೇಜಿನ ಹತ್ತಿರವೇ ಬೀಳ್ಕೊಟ್ಟು ಕೂತುಬಿಟ್ಟಿದ್ದರು! ನನ್ನ ಪಕ್ಕದಿಂದ ನುಸುಳಿ ಮುಂದಿನ ಹುಡುಗನ ತಂದೆತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಕಾರಿಡಾರಿನಲ್ಲಿ ಸಾಲಾಗಿ ಕೂತಿದ್ದವರೆಲ್ಲ, ಬಾಗಿಲಿಗೆ ಚೀಟಿ ತೋರಿಸಿ ನಗುತ್ತಿರುವ ಭಾರತೀಯನೊಬ್ಬನನ್ನು ನೋಡಿದರು.

ಬಸ್ಸಿನಲ್ಲಿ ಚೈತ್ರ ನನ್ನ ತೋಳಿಗೆ ತಲೆಯಾನಿಸಿ "ಥ್ಯಾಂಕ್ಸ್ ಅಪ್ಪಾ" ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಬಾಗಿಲ ಹತ್ರ ಹೇಳೋಣ ಅಂತಿದ್ರಿ ಅಲ್ವಾ?" ಎಂದಳು. ನಾನು ಚೀಟಿಯನ್ನು ಜೇಬಿನ ತಳಕ್ಕೆ ತುರುಕಿದೆ. "ಸಾಯಂಕಾಲ ಲಾಸ್ಟ್ ಸ್ಲಾಟ್ ಖಾಲಿ ಇತ್ತು ಅಪ್ಪಾ. ಆಗ ಹಿಂದೆ ಯಾರೂ ಇರಲ್ಲ, ಅವರೂ ಜೊತೇಲೇ ಲಿಫ್ಟ್‌ವರೆಗೂ ಬರ್ತಾರೆ. ಅದಕ್ಕೇ ಮಧ್ಯಾಹ್ನದ್ದು ಬುಕ್ ಮಾಡಿದೆ." ಐವತ್ತೆರಡು ನಿಮಿಷದ ಅಸೈನ್‌ಮೆಂಟು ನನಗೆ ಆಗ ನೆನಪಾಯಿತು. ಅವಳಿಗೆ ಅದರಲ್ಲಿ ಎ ಗ್ರೇಡ್ ಬಂದಿತ್ತು. ಸಿಟ್ಟು ಬಂತು. ಸಿಟ್ಟಿನ ಕೆಳಗೆ, ಯಾರಿಗೂ ಹೇಳಬೇಡಿ, ಹೆಮ್ಮೆಯೂ ಇತ್ತು. ಇಪ್ಪತ್ತು ವರ್ಷ ಹಡಗು ನಿಲ್ಲಿಸಿದವನನ್ನು ಈ ಹುಡುಗಿ ಒಂದು ಮಧ್ಯಾಹ್ನದಲ್ಲಿ ದಾಟಿಕೊಂಡು ಹೋಗಿದ್ದಳು.

ಆಮೇಲೆ ಮನೆಯಲ್ಲಿ ತಯಾರಿ. ವಿಶಾಲು ಸಿಂಗಪುರದ ಸೆಖೆಯಲ್ಲಿ ಫ್ಯಾನಿನ ಕೆಳಗೆ ಬೆವರು ಸುರಿಸಿಕೊಂಡು ಉಣ್ಣೆ ಹೆಣೆದಳು. ಅವಳು ಅಳುತ್ತಾಳೆ, ಬೇಡ ಅನ್ನುತ್ತಾಳೆ, ಅವಳ ನೆಪದಲ್ಲಿ ನಾನೂ ಬೇಡ ಅನ್ನಬಹುದು ಎಂದು ಕಾದೆ. ಅವಳು ಹೆಣೆಯುತ್ತಲೇ ಇದ್ದಳು. ಒಂದು ಸ್ವೆಟರ್ ಮುಗಿಯಿತು, ಇನ್ನೊಂದು ಶುರುವಾಯಿತು. "ಎರಡು ಯಾಕೆ?" ಎಂದೆ. "ಒಂದು ಸಾಕಾಗಲ್ಲ ರೀ" ಎಂದಳು. ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಕಟ್ಟಿ ಕಟ್ಟಿ ಸೂಟ್‌ಕೇಸಿನ ಮೇಲೆ ನನ್ನನ್ನು ಕೂರಿಸಿ ಬೀಗ ಹಾಕಿದ್ದಾಯಿತು. ಒಂದು ವರ್ಷಕ್ಕೆ ಇಷ್ಟೊಂದು ಹುಳಿಪುಡಿ ತಿಂದರೆ ಜರ್ಮನಿಯೇ ಸೀನುತ್ತದೆ ಎಂದೆ. ಅವಳು ನಗಲಿಲ್ಲ.

ಚಾಂಗಿ ವಿಮಾನ ನಿಲ್ದಾಣಕ್ಕೆ ನಾಗರಾಜನೂ ಅವನ ಹೆಂಡತಿಯೂ ಬಂದಿದ್ದರು. ಸಂಜೆಯ ವಿಮಾನ. ಎಲ್ಲರ ಕಾಲಿಗೂ ನಮಸ್ಕಾರ ಮಾಡಿ, ಅಮ್ಮನನ್ನು ತಬ್ಬಿಕೊಂಡು, ಚೈತ್ರ ಒಳಗೆ ಹೋಗುವ ಸಾಲಿಗೆ ಸೇರಿದಳು. ವಿಶಾಲು ಮುಖ ಒರೆಸಿಕೊಳ್ಳುತ್ತಾ ನಾಗರಾಜನ ಹೆಂಡತಿಯ ಜೊತೆ ಆಚೆ ಗಾಜಿನ ಹತ್ತಿರ ಹೋಗಿ ನಿಂತಳು. ನಾನು ಹಗ್ಗ ಕಟ್ಟಿದ್ದ ಜಾಗದಲ್ಲೇ ನಿಂತಿದ್ದೆ. ಮಗಳು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಒಂದು ಕಾಲು ಒಳಗಿಟ್ಟು, ತಿರುಗಿ ಎರಡು ಹೆಜ್ಜೆ ನನ್ನ ಕಡೆ ಬಂದಳು.

"ಅಂದ ಹಾಗೆ ಅಪ್ಪಾ..."

ಆ ಪದದ ಹಿಂದೆ ಏನು ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಒನ್ ಇಯರ್ ಅಲ್ಲ ಅಪ್ಪಾ, ಹದಿನೆಂಟು ತಿಂಗಳು. ಲಾಸ್ಟ್ ಆರು ತಿಂಗಳು ಅಲ್ಲೇ ಕಂಪನೀಲಿ ಕೆಲಸ ಮಾಡ್ಬೇಕು. ಫಾರಂನಲ್ಲಿ ಇತ್ತಲ್ಲ, ನೋಡಿರ್ತೀರ. ಅಮ್ಮಂಗೆ ನೀವೇ ನಿಧಾನವಾಗಿ ಹೇಳಿ, ಓಕೆ ಲಾ?" ಎಂದು ಕೈಬೀಸಿ ಒಳಗೆ ಹೋಗಿಬಿಟ್ಟಳು. ಜರ್ಮನ್ ಕಲಿತರೇನು, ಇಲ್ಲೇ ಹುಟ್ಟಿದರೇನು, ಗೇಟಿನ ಹತ್ತಿರ ನನ್ನ ಮದುವೆ ಮುಗಿಸಿದ ಅಜ್ಜನ ಮೊಮ್ಮಗಳು! ನಾನು ಬರೀ ಕೈಯೆತ್ತಿ ನಿಂತೆ. ಆ ಕೈ ಟಾಟಾ ಮಾಡುವುದಕ್ಕೆ ಎತ್ತಿದ್ದೋ ತಡೆಯುವುದಕ್ಕೆ ಎತ್ತಿದ್ದೋ ಈಗಲೂ ನನಗೆ ಗೊತ್ತಿಲ್ಲ.

ಇನ್ನು ನನ್ನ ನಿಜವಾದ ಕಷ್ಟ ಶುರುವಾಯಿತು. ಹೆಂಡತಿಗೆ ಹೇಳಬೇಕು. ಒಂದು ವರ್ಷ ಎಂದು ದಿನ ಎಣಿಸುತ್ತಿರುವ ತಾಯಿಗೆ ಇನ್ನಾರು ತಿಂಗಳು ಎಂದು ಹೇಳುವುದು, ಅದೂ 'ಓದದೆ ಸಹಿ ಹಾಕಿದೆ' ಎಂದು ಸೇರಿಸಿ ಹೇಳುವುದು, ಸುಲಭದ ಮಾತಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಒಂದೇ ಮನೆಯಲ್ಲಿರುವ ಗಂಡಹೆಂಡಿರಿಗೆ ಬಾಗಿಲು ಎಲ್ಲಿಂದ ಬರಬೇಕು? ಬಂದವರಿಲ್ಲ, ಹೊರಡುವವರಿಲ್ಲ, ಚಪ್ಪಲಿ ಹುಡುಕುವವರಿಲ್ಲ. ಊಟಕ್ಕೆ ಕೂತಾಗ ಹೇಳೋಣವೆಂದರೆ, ಕೂತಾಗ ನನಗೆ ಮಾತು ಬರುವುದಿಲ್ಲ. ಸೆರಂಗೂನ್ ರಸ್ತೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ, ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಅನುಕೂಲವಾಗಬಹುದೆಂದು. ಚಪ್ಪಲಿಯೇ ಕಳೆದುಹೋಗಿತ್ತು, ಆ ಗಲಾಟೆಯಲ್ಲಿ ವಿಷಯ ನಿಂತಿತು. ಮಗಳು ಫೋನ್ ಕಾರ್ಡಿನಿಂದ ವಾರಕ್ಕೊಮ್ಮೆ ಮಾತನಾಡುತ್ತಿದ್ದಳು. ಕಾರ್ಡು ಮುಗಿಯುವ ಗಳಿಗೆಗೆ, "ಹೇಳಿದ್ರಾ?" ಎಂದು ಪಿಸುಗುಟ್ಟುವಳು. ನಾನು, "ಅಲ್ಲಿ ಮಂಜು ಬಿತ್ತಾ?" ಎನ್ನುವೆ. ಹೀಗೆ ಎಂಟು ತಿಂಗಳಾಯಿತು. ವಿಚಿತ್ರವೆಂದರೆ ವಿಶಾಲು ಒಂದು ದಿನವೂ 'ಅವಳು ಯಾವಾಗ ಬರ್ತಾಳೆ' ಎಂದು ಕೇಳಲಿಲ್ಲ. ಪಾಪ, ನೆನೆಸಿಕೊಂಡರೆ ಸಂಕಟವಾಗುತ್ತದೆ, ಅದಕ್ಕೇ ಕೇಳುವುದಿಲ್ಲ ಎಂದುಕೊಂಡೆ. ಬಾಗಿಲಲ್ಲಿ ಎಡವಲು ಷೂ ಇಲ್ಲದ ಮನೆಯಲ್ಲಿ ನಾನು ಕಳ್ಳನ ಹಾಗೆ ಓಡಾಡಿದೆ. ಅಡುಗೆಮನೆಯಲ್ಲಿ ಟೇಪಿನ ಜರ್ಮನ್ ಗಂಡಸು ಮಾತ್ರ ಇನ್ನೂ ಮಾತನಾಡುತ್ತಿದ್ದ. ಮಗಳ ನೆನಪಿಗೆ ಹಾಕಿಕೊಳ್ಳುತ್ತಾಳೆ ಎಂದು ಈಗ ನಾನು ಆಫ್ ಮಾಡುವುದನ್ನೂ ಬಿಟ್ಟಿದ್ದೆ.

ಕಳೆದ ಸೋಮವಾರ ಬೆಳಿಗ್ಗೆ ದೇವರು ಬಾಗಿಲು ತೆರೆದ. ನಾನು ಊಟದ ಡಬ್ಬಿ ಮರೆತು ಒಂದು ಮಹಡಿ ಇಳಿದು ಲಿಫ್ಟಿನ ಹತ್ತಿರ ನಿಂತಿದ್ದೆ. ವಿಶಾಲು ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಲಿಫ್ಟು ಬಂತು. ಒಳಗೆ ಯಾರೂ ಇರಲಿಲ್ಲ. ನಾನು ಡಬ್ಬಿ ತೆಗೆದುಕೊಂಡು ಒಳಗೆ ಹೋದೆ. ಅವಳು ಹೊರಗೆ, ನಾನು ಒಳಗೆ, ನಡುವೆ ತೆರೆದ ಬಾಗಿಲು. ಬೀಳ್ಕೊಡುಗೆಯ ಸಕಲ ಲಕ್ಷಣಗಳೂ ಕೂಡಿ ಬಂದಿದ್ದವು. ಬಾಗಿಲು ಹಿಡಿಯುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಂದ ಹಾಗೆ ವಿಶಾಲೂ, ಚೈತ್ರ ಬರೋದು ಆಗಸ್ಟ್‌ನಲ್ಲಿ ಅಲ್ಲ ಕಣೇ. ಇನ್ನೂ ಆರು ತಿಂಗಳು ಜಾಸ್ತಿ. ಫಾರಂನಲ್ಲಿ ಇತ್ತಂತೆ. ನಾನು... ನಾನು ನೋಡ್ಲಿಲ್ಲ."

ಕಣ್ಣು ತೆರೆದೆ. ಅವಳು ಅಳುತ್ತಿರಲಿಲ್ಲ.

"ಗೊತ್ತು ರೀ. ಮೂರನೇ ಪುಟದಲ್ಲಿತ್ತು. ಉಪ್ಪಿನಕಾಯಿ ಜಾಡಿ ಕೆಳಗೆ ಒಂದು ವಾರ ಇತ್ತಲ್ಲ, ಆವಾಗ್ಲೇ ಓದಿದೆ. ಎರಡು ಚಳಿಗಾಲ ಬರತ್ತೆ ಅಂತ್ಲೇ ಎರಡು ಸ್ವೆಟರ್ ಹೆಣೆದಿದ್ದು. ನೀವು ಓದೇ ಇರ್ಲಿಲ್ವಾ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದಳು. "ಗೊತ್ತಿದ್ದೂ ಸಹಿ ಹಾಕಿ ಬಂದ್ರಲ್ಲ, ಎಷ್ಟು ದೊಡ್ಡ ಮನಸ್ಸು ಅಂತ ನಾನು ನಾಗರಾಜ್ ಮನೆಯವ್ರ ಹತ್ರ ಎಲ್ಲ ಹೇಳ್ಕೊಂಡಿದ್ದೆ."

ಲಿಫ್ಟು ಟೊಂಯ್ ಟೊಂಯ್ ಎನ್ನತೊಡಗಿತು. ಎಂಟು ತಿಂಗಳ ಭಾರ ಇಳಿದು, ಅದರ ಜಾಗದಲ್ಲಿ ಇನ್ನೊಂದು ಭಾರ ಕೂತು, ನಾನು ಗುಂಡಿಯ ಮೇಲಿಂದ ಹೆಬ್ಬೆರಳು ತೆಗೆದೆ. ಬಾಗಿಲು ಎರಡೂ ಕಡೆಯಿಂದ ಮೆಲ್ಲಗೆ ಸರಿಯತೊಡಗಿತು. ಆಗ ವಿಶಾಲು ಸೆರಗು ಸರಿಮಾಡಿಕೊಂಡು, ಸ್ವಲ್ಪ ಬಗ್ಗಿ, ಉಳಿದಿದ್ದ ಸಂದಿಯಲ್ಲಿ ಮುಖ ತೋರಿಸಿ ಹೇಳಿದಳು.

"ಅಂದ ಹಾಗೆ ರೀ, ಮುಂದಿನ ತಿಂಗಳು ನಾನೂ ಅವಳ ಹತ್ರ ಹೋಗ್ತಿದೀನಿ. ಮೂರು ತಿಂಗಳು. ವೀಸಾ ಬಂತು, ಟಿಕೆಟ್ಟೂ ಬುಕ್ ಆಯ್ತು. ಜರ್ಮನ್ ಒಂಚೂರು ಬರತ್ತಲ್ಲ, ತೊಂದ್ರೆ ಇಲ್ಲ."

ಬಾಗಿಲು ಮುಚ್ಚಿತು. ನನ್ನ ಬಾಯಿ ತೆರೆದೇ ಇತ್ತು. ನಾಲ್ಕನೆಯ ಮಹಡಿಯಲ್ಲಿ ಆ ಚೀನೀ ಅಜ್ಜಿ ಹತ್ತಿಕೊಂಡು, ನಾನು ಬಾಗಿಲನ್ನು ಹಿಡಿದು ನಿಲ್ಲಿಸದೇ ಇದ್ದದ್ದನ್ನು ಕಂಡು ಮೆಚ್ಚಿ ತಲೆಯಾಡಿಸಿದಳು. ಆಫೀಸಿಗೆ ಹೋಗಿ 'ಓದಿದ ಮೇಲೆ ಸಹಿ' ಎಂಬ ಹಲಗೆಯ ಕೆಳಗೆ ಕೂತು ದಿನವೆಲ್ಲ ಯೋಚಿಸಿದೆ. ಈ ಸಲ ಫಾರಂ ಓದಲಿಲ್ಲ ಎಂದು ನನ್ನನ್ನು ಯಾರೂ ದೂರುವಂತಿಲ್ಲ. ನನ್ನ ಸಹಿಯನ್ನೇ ಯಾರೂ ಕೇಳಿರಲಿಲ್ಲ.